ಮೂರನೆಯ ಕಚ್ಚು

ಗಾಳ ಹಾಕುವವರ ಕೈಗಳಿಗೆ ಒಂದು ಕಾಯಿಲೆಯಿದೆ. ಹಿಡಿದ ಮೀನು ಎಷ್ಟುದ್ದ ಇತ್ತು ಎಂದು ಯಾರಾದರೂ ಕೇಳಿದರೆ ಸಾಕು, ಎರಡೂ ಅಂಗೈಗಳು ಎದುರುಬದುರಾಗಿ ನಿಂತು, ಮಾತು ಮುಂದುವರಿದ ಹಾಗೆ ಒಂದರಿಂದೊಂದು ದೂರ ಸರಿಯುತ್ತ ಹೋಗುತ್ತವೆ. ಈ ಕಾಯಿಲೆ ನನಗೂ ಇತ್ತು. ಇತ್ತು ಎಂದೆ, ಗಮನಿಸಿ. ನಾನು ಸಾಸ್ತಾನದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಊರಿನವರ ದೃಷ್ಟಿದೋಷವನ್ನೆಲ್ಲ ಅಳೆದು ಸರಿಪಡಿಸುವ ಮನುಷ್ಯನೇ ಭಾನುವಾರ ಹೊಳೆಯಿಂದ ಬಂದ ಮೇಲೆ ಒಂದು ಗೇಣನ್ನು ಎರಡಾಗಿ ಕಾಣುತ್ತಿದ್ದ. ಈಗ ಆ ಕಾಯಿಲೆ ವಾಸಿಯಾಗಿದೆ. ವಾಸಿಯಾದ ಬಗೆಯನ್ನು ಹೇಳುತ್ತೇನೆ, ಆದರೆ ಮಧ್ಯಾಹ್ನದ ಹೊತ್ತು ಮಾತ್ರ ಹೇಳುವುದಿಲ್ಲ. ಈಗ ಬೆಳಿಗ್ಗೆ ಹತ್ತು ಗಂಟೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲ, ಧೈರ್ಯವಿದೆ.

ನನ್ನನ್ನು ಹೊಳೆಗೆ ಕರೆದುಕೊಂಡು ಹೋಗುವವರು ಶೀನಣ್ಣ. ಎಪ್ಪತ್ತು ದಾಟಿದ ಮನುಷ್ಯ, ಒಂದು ಸಣ್ಣ ದೋಣಿಯ ಒಡೆಯ. ಕಣ್ಣು ಮಂಜು. ನಾನು ಮಾಡಿಕೊಟ್ಟ ಮೊದಲ ಕನ್ನಡಕ ಬಲೆ ಎಳೆಯುವಾಗ ನೀರಿಗೆ ಬಿದ್ದು, ಈಗ ಯಾವುದೋ ಏಡಿಯ ಉಪಯೋಗಕ್ಕೆ ಬರುತ್ತಿದೆ. ಎರಡನೆಯದನ್ನು ಅವರು ಮನೆಯಲ್ಲೇ ಇಟ್ಟು ಬರುತ್ತಾರೆ. ದೋಣಿಯಲ್ಲಿ ಅವರಿಗೆ ಕಣ್ಣು ಬೇಕಾಗುವುದೂ ಇಲ್ಲ. ಹೊಳೆಯ ತಿರುವುಗಳೆಲ್ಲ ಅವರ ಮೈಗೇ ಗೊತ್ತು. ಅವರ ದೋಣಿಯಲ್ಲಿ ಒಂದು ಹಳೆಯ ಹುಟ್ಟು ಇದೆ. ಅವರ ಅಪ್ಪಯ್ಯ ಕೆತ್ತಿ ಮಾಡಿದ್ದು, ಹಿಡಿದು ಹಿಡಿದು ಎಮ್ಮೆಯ ಕೊಂಬಿನ ಹಾಗೆ ನುಣುಪಾಗಿದೆ. ಅದರ ಮೈಮೇಲೆ ಅಳತೆಗೆಂದು ಕೊರೆದ ಎರಡು ಕಚ್ಚುಗಳು. ಬುಡದಿಂದ ಒಂದು ಗೇಣು ನಾಲ್ಕು ಬೆರಳಿಗೆ ಒಂದು, ಒಂದೂವರೆ ಮೊಳಕ್ಕೆ ಇನ್ನೊಂದು. ಕುರುಡಿ ಎಂಬ ಜಾತಿಯ ಮೀನು ಸಿಕ್ಕರೆ ಅದರ ಮೂತಿಯನ್ನು ಬುಡಕ್ಕಿಟ್ಟು ಹುಟ್ಟಿನ ಮೇಲೆ ಮಲಗಿಸಬೇಕು. ಬಾಲ ಕೆಳಗಿನ ಕಚ್ಚನ್ನು ಮುಟ್ಟದಿದ್ದರೆ ನೀರಿಗೆ ವಾಪಸು. ಮೇಲಿನ ಕಚ್ಚನ್ನು ದಾಟಿದರೂ ವಾಪಸು. ನಡುವೆ ನಿಂತದ್ದು ನಮ್ಮದು, ಅದೂ ದೋಣಿಗೆ ಎರಡೇ. ಇದು ಆ ದೋಣಿಯ ಕಾನೂನು.

ಮರಿ ಮೀನನ್ನು ಬಿಡಬೇಕೆಂದು ಎಲ್ಲರೂ ಹೇಳುತ್ತಾರೆ, ಅದು ನನಗೂ ಅರ್ಥವಾಗುತ್ತದೆ. ಆದರೆ ದೊಡ್ಡದನ್ನು ಬಿಡುವುದೆಂದರೆ? ಗಾಳ ಹಾಕುವವನು ಬಿಸಿಲಲ್ಲಿ ಬೆನ್ನು ಸುಟ್ಟುಕೊಳ್ಳುವುದು ಮತ್ತೆ ಎಂತಕ್ಕೆ? ನಾನು ಎಷ್ಟೋ ಸಲ ವಾದ ಹೂಡಿದ್ದೇನೆ. "ಶೀನಣ್ಣ, ದೊಡ್ಡ ಮೀನ್ ಹ್ಯಾಂಗೂ ಮುದಿಯಾಯಿ ಸಾಯುದೇ ಅಲ್ದಾ? ನಾವ್ ಹಿಡುದ್ರೆ ಎಂತ ಆತ್ತ್?"

ಶೀನಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸದೆ ಹೇಳಿದ್ದರು: "ಹ್ವಾಯ್, ಕುರುಡಿ ಸಣ್ಣದಿಪ್ಪತಿಗೆ ಗಂಡ್. ದೊಡ್ಡದಾದ್ಮೇಲೆ ಹೆಣ್ಣಾತ್ತ್. ದೊಡ್ಡದೆಲ್ಲ ಅಬ್ಬಿಯಕ್ಕಳೇ. ಅಬ್ಬಿನ್ ತಿಂದ್ರೆ ಮಕ್ಕಳ್ ಎಲ್ಲಿಂದ ಬತ್ತೊ?"

ಅಬ್ಬಿ ಎಂದರೆ ತಾಯಿ. ಗಂಡು ಮೀನು ತಾಯಿಯಾಗುವುದುಂಟೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ, ಅದು ನಿಜ. ಅಕ್ಷರಶಃ ನಿಜ. ಆ ಸಂಜೆ ತಟ್ಟೆಯಲ್ಲಿದ್ದ ಮೀನನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ. "ಎಂತ, ಉಪ್ಪ್ ಕಮ್ಮಿಯಾಯ್ತಾ?" ಎಂದಳು ನನ್ನ ಹೆಂಡತಿ ಜಲಜ. ಇಲ್ಲವೆಂದು ತಿಂದು ಮುಗಿಸಿದೆ.

ಅವರ ಅಪ್ಪಯ್ಯನದು ಇನ್ನೊಂದು ಕ್ರಮವೂ ಇತ್ತಂತೆ. ಬಿಟ್ಟ ದೊಡ್ಡ ಮೀನಿಗೆಲ್ಲ ಗುರುತಿಗೆಂದು ಮೇಲ್ದವಡೆಯ ಅಂಚಿಗೆ ಸಣ್ಣ ತಾಮ್ರದ ತಂತಿಯ ಬಳೆ ಸಿಕ್ಕಿಸುತ್ತಿದ್ದರಂತೆ. "ಮೂಗುತಿ ಹಾಕಿ ಕಳ್ಸುದ್, ತವರಿಗ್ ಬಂದ ಹೆಣ್ಣನ್ನ್ ಕಳ್ಸ್ದಾಂಗೆ," ಎಂದರು ಶೀನಣ್ಣ. ಅಪ್ಪಯ್ಯ ತೀರಿಕೊಂಡು ಎಂಟು ವರ್ಷ. ಆಮೇಲೆ ಮೂಗುತಿಯ ಮೀನು ಒಂದೂ ಸಿಕ್ಕಿರಲಿಲ್ಲ. ಹೊಳೆಯಲ್ಲಿ ಹೇಳುವ ಕಥೆಗಳಲ್ಲಿ ಇದೂ ಒಂದು ಎಂದು ನಾನು ಸುಮ್ಮನಾಗಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಕೆಟ್ಟದ್ದು ಒಂದು ಮೊಳೆಯಿಂದ. ಪಕ್ಕದ ಔಷಧದ ಅಂಗಡಿಯವನು ಎಲ್ಲಿಗೋ ಹೋಗಿ, ಮಗುವನ್ನು ಎತ್ತಿಕೊಂಡ ಹಾಗೆ ಒಂದು ಭಾರೀ ಮೀನನ್ನು ಎತ್ತಿಕೊಂಡು ಫೋಟೋ ತೆಗೆಸಿ, ಚೌಕಟ್ಟು ಹಾಕಿಸಿ ಅಂಗಡಿಯ ಮುಂದೆಯೇ ತೂಗುಹಾಕಿದ. ನನ್ನ ಗಿರಾಕಿಗಳು ಕನ್ನಡಕ ಹಾಕಿಕೊಂಡು ಮೊದಲು ನೋಡುವುದೇ ಆ ಫೋಟೋವನ್ನು ಎಂಬ ಪರಿಸ್ಥಿತಿ ಬಂತು. "ಈಗ ಲಾಯ್ಕ್ ಕಾಣತ್ತ್ ಕಾಣಿ, ಎಷ್ಟ್ ದೊಡ್ಡ ಮೀನ್!" ಎನ್ನುತ್ತಾರೆ, ನನ್ನದೇ ಗಾಜಿನಲ್ಲಿ ನೋಡಿಕೊಂಡು! ನನಗೆ ಉರಿದುಹೋಯಿತು. ಅಂದೇ ನನ್ನ ಅಂಗಡಿಯ ಗೋಡೆಗೂ ಒಂದು ಮೊಳೆ ಹೊಡೆದೆ. ಮೀನು ಆಮೇಲೆ ಬರಲಿ ಎಂದು.

ಆದರೆ ಒಂದೂವರೆ ಮೊಳದೊಳಗಿನ ಮೀನಿನಿಂದ ಅವನ ಫೋಟೋವನ್ನು ಸೋಲಿಸುವುದು ಸಾಧ್ಯವಿರಲಿಲ್ಲ. ಬಿಡುವ ಮೊದಲು ಒಂದು ಫೋಟೋ ತೆಗೆಯೋಣವೆಂದರೆ ಶೀನಣ್ಣ ಒಪ್ಪುವವರಲ್ಲ. ಬಿಡುವ ಮೀನನ್ನು ಗಾಳಿಯಲ್ಲಿ ಹಿಡಿದು ಆಟವಾಡಬಾರದು. ಅಲ್ಲದೆ, ಸುಳ್ಳೇಕೆ, ನನಗೆ ಫೋಟೋ ಮಾತ್ರ ಸಾಕಾಗುತ್ತಿರಲಿಲ್ಲ. ಆ ಮೀನನ್ನು ಪೇಟೆಯ ನಡುವೆ ಹೊತ್ತುಕೊಂಡು, ಔಷಧದ ಅಂಗಡಿಯ ಮುಂದೆ ನಿಧಾನವಾಗಿ ನಡೆದು ಹೋಗಬೇಕಿತ್ತು. ಹಾಗಾಗಿ ನಾನು ಒಂದು ಕೆಲಸ ಮಾಡಿದೆ. ಹೊನ್ನೆ ಎಣ್ಣೆ ಹಚ್ಚಿ ಕೊಡುತ್ತೇನೆಂದು ಹೇಳಿ ಹುಟ್ಟನ್ನು ಮನೆಗೆ ತಂದೆ. ಮೇಲಿನ ಕಚ್ಚಿಗೆ ಮರದ ಹುಡಿ ಮತ್ತು ಗೋಂದು ಕಲಸಿ ತುಂಬಿ, ಉಜ್ಜಿ, ಎಣ್ಣೆ ಹಚ್ಚಿದೆ. ಅಲ್ಲಿಂದ ಅರ್ಧ ಗೇಣು ಮುಂದಕ್ಕೆ ಹೊಸ ಕಚ್ಚು ಹಾಕಿದೆ. ಹೊಸದೆಂದು ಕಾಣದಿರಲು ಅದಕ್ಕೆ ಮಸಿಯನ್ನೂ ತಿಕ್ಕಿದೆ. ಸೂಕ್ಷ್ಮ ಕೆಲಸ ನನ್ನ ಕಸುಬು ನೋಡಿ, ಬರಿಗಣ್ಣಿಗೆ ತಿಳಿಯುವ ಹಾಗಿರಲಿಲ್ಲ. ಮಂಜುಗಣ್ಣಿಗಂತೂ ದೂರದ ಮಾತು. ಜಲಜ ಬಾಗಿಲಲ್ಲಿ ನಿಂತು ನೋಡಿದಳು. "ಮುದುಕ್ರಿಗ್ ಮೋಸ ಮಾಡುಕೆ ಇಷ್ಟ್ ಚಂದ ಮಾಡ್ಕಾ?" ಎಂದು ಕೇಳಿ ಒಳಗೆ ಹೋದಳು. ನಾನು ಉತ್ತರ ಹುಡುಕುತ್ತ ಇನ್ನೊಂದು ಸಲ ಎಣ್ಣೆ ಹಚ್ಚಿದೆ.

ಮುಂದಿನ ಭಾನುವಾರ ನೀರು ಏರುವ ಹೊತ್ತು ನಡುಮಧ್ಯಾಹ್ನಕ್ಕೆ ಬಿದ್ದಿತ್ತು. ಚಿಕ್ಕಂದಿನಲ್ಲಿ ನಮಗೆ ಮಧ್ಯಾಹ್ನ ಹೊಳೆಬದಿಗೆ ಹೋಪುಕಾಗ, ಹೋಗಲೇಬಾರದು ಎಂದು ಹೆದರಿಸುತ್ತಿದ್ದರು. ರಾತ್ರಿಯಾದರೆ ಕತ್ತಲೆಯ ನೆಪವಾದರೂ ಇರುತ್ತದೆ; ಮಧ್ಯಾಹ್ನ ಕಂಡದ್ದಕ್ಕೆ ಯಾವ ನೆಪವೂ ಇಲ್ಲ. ಅಂದು ಹೊಳೆಯ ನಡುವಿನ ಕುದ್ರು ಎಂಬ ನಡುಗಡ್ಡೆಯ ಹಿಂದೆ ದೋಣಿ ನಿಲ್ಲಿಸಿದಾಗ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬೇರಿನ ಮೇಲೆ ಒಂದು ಕೊಕ್ಕರೆ, ಅದೂ ಅಲುಗಲಿಲ್ಲ. ಹೆದ್ದಾರಿಯ ಸದ್ದು ಯಾವಾಗಲೂ ಅಲ್ಲಿಗೆ ಕೇಳುತ್ತದೆ, ಅಂದು ಕೇಳಲಿಲ್ಲ. ನೀರು ಏರುತ್ತಿರುವುದು ಬೇರುಗಳ ಮೇಲೆ ಕಾಣುತ್ತಿತ್ತು, ಆದರೆ ದೋಣಿ ಮಾತ್ರ ನೆಲಕ್ಕೆ ಹೂತಿಟ್ಟ ಹಾಗೆ ನಿಂತೇ ಇತ್ತು. ನನ್ನ ನೆರಳು ನನ್ನ ಕಾಲಡಿ ಸೇರಿಕೊಂಡಿತ್ತು. ಹೆದರಿಕೆಯಾಯಿತು, ಸುಮ್ಮನೆ.

ಗಾಳಕ್ಕೆ ಜೀವಂತ ಚಟ್ಲಿ ಸಿಕ್ಕಿಸಿ ಬಿಟ್ಟೆ. ಚಟ್ಲಿ ಎಂದರೆ ಸಿಗಡಿ. ಕುರುಡಿಗೆ ಅದೆಂದರೆ ಪ್ರಾಣ. ದೊಡ್ಡ ಮೀನು ಕಚ್ಚಿದರೆ ದಾರ ಕೈ ಕೊಯ್ಯುವಂತೆ ಓಡಬೇಕು, ಮೀನು ನೀರಿನಿಂದ ಹಾರಬೇಕು, ಗಂಟೆಗಟ್ಟಲೆ ಹೋರಾಟ ನಡೆಯಬೇಕು. ಅಂಥದ್ದೇನೂ ಆಗಲಿಲ್ಲ. ದಾರ ಬಿಗಿಯಾಯಿತು. ಎಳೆದೆ. ಕೈ ಹಿಡಿದು ಕರೆದರೆ ಜೊತೆಗೆ ನಡೆದು ಬರುವವರ ಹಾಗೆ ಅದು ಬಂತು. ಹಾರಲಿಲ್ಲ, ಬಾಲವನ್ನೂ ಬಡಿಯಲಿಲ್ಲ. ನನ್ನ ಜೀವಮಾನದಲ್ಲೇ ಅಷ್ಟು ದೊಡ್ಡ ಕುರುಡಿಯನ್ನು ನಾನು ನೋಡಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಒದ್ದೆ ಗೋಣಿಯ ಮೇಲೆ ಮಲಗಿಸಿ, ಹುಟ್ಟನ್ನು ಅದರ ಪಕ್ಕಕ್ಕೆ ಹೊಂದಿಸಿಟ್ಟೆ. ಮೂತಿಯನ್ನು ಬುಡಕ್ಕೆ ಸರಿಮಾಡಿ ಬಾಲದ ಕಡೆ ನೋಡಿದೆ.

ಬಾಲದ ತುದಿ ನನ್ನ ಕಚ್ಚಿನೊಳಗೆ ಕೂತಿತ್ತು. ಒಂದು ಕೂದಲು ಆಚೆಯಿಲ್ಲ, ಒಂದು ಕೂದಲು ಈಚೆಯಿಲ್ಲ. ಮನೆಯ ಜಗಲಿಯಲ್ಲಿ ಕೂತು ನಾನು ಕಣ್ಣಂದಾಜಿನಲ್ಲಿ ಹಾಕಿದ ಕಚ್ಚು ಅದು. ಅಂಗಡಿಗೆ ಬಂದು ಅಳತೆ ಕೊಟ್ಟು ಹೋದವರಿಗೆ ಕನ್ನಡಕ ಕೂರುವಂತೆ ಕೂತಿತ್ತು. ಆಮೇಲೆ ಮೂತಿಯ ಕಡೆ ತಿರುಗಿದೆ. ಮೇಲ್ದವಡೆಯ ಅಂಚಿನಲ್ಲಿ ಪಾಚಿಗಟ್ಟಿ ಹಸಿರಾದ ತಾಮ್ರದ ಬಳೆಯಿತ್ತು.

ಕುರುಡಿಯ ಕಣ್ಣು ಬೆಳಕಿಗೆ ಕೆಂಪಗೆ ಹೊಳೆಯುತ್ತದೆ. ಸಾವಿರಾರು ಕಣ್ಣುಗಳ ಒಳಗೆ ದೀಪ ಬಿಟ್ಟು ನೋಡಿದವನು ನಾನು. ಎಲ್ಲ ಕಣ್ಣೂ ಒಂದಿಷ್ಟಾದರೂ ಅದುರುತ್ತದೆ. ಈ ಕಣ್ಣು ಅದುರಲಿಲ್ಲ. ಅದರೊಳಗೆ ನಾನಿದ್ದೆ, ಅಕ್ಕಿಕಾಳಿನಷ್ಟು, ಹುಟ್ಟು ಹಿಡಿದುಕೊಂಡು. ಅದು ನನ್ನನ್ನು ಅಳೆಯುತ್ತಿದೆ ಎಂದು ಅನಿಸಿತು. ನಗಬೇಡಿ, ಹಾಗೆಯೇ ಅನಿಸಿತು.

ದೋಣಿಯ ಆ ತುದಿಯಿಂದ ಶೀನಣ್ಣ ಕೇಳಿದರು: "ಕಚ್ಚ್ ದಾಟಿತ್ತಾ, ಒಳ್ಗಿತ್ತಾ?"

ಅವರು ಎದ್ದು ಬರಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಒಳಗಿದೆ ಎಂದು ನಾನು ಹೇಳಿದರೆ ಮುಗಿಯಿತು, ಹುಟ್ಟಿನ ಸಾಕ್ಷಿಯೂ ಇತ್ತು. ಪೇಟೆಯ ದಾರಿ ಕಣ್ಣಮುಂದೆ ಬಂತು, ಮೊಳೆ ಕಣ್ಣಮುಂದೆ ಬಂತು. ಮೀನಿನ ಕಿವಿರು ಒಮ್ಮೆ ನಿಧಾನವಾಗಿ ಅಗಲವಾಗಿ ಮುಚ್ಚಿತು.

"ದಾಟಿತ್ತ್ ಶೀನಣ್ಣ. ಅರ್ಧ ಗೇಣ್ ದಾಟಿತ್ತ್. ಮೂಗುತಿ ಇತ್ತ್."

ಶೀನಣ್ಣ "ಹಾಂಗಾರೆ ಬಿಡಿ. ಅದ್ಕೆ ಹೊತ್ತಾತ್ತ್," ಎಂದರು. ನಾನು ಗಾಳ ಬಿಡಿಸಿ, ಎರಡೂ ಕೈಯಲ್ಲಿ ನೀರಿಗೆ ಇಳಿಸಿದೆ. ಬಿಡುವಾಗ ಒಂದು ಕೈ ತೆಗೆದು ಕದ್ದು ಒಂದು ಫೋಟೋ ಹೊಡೆದೆ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅದು ಓಡಲಿಲ್ಲ. ಮುಳುಗಿತು, ಅಷ್ಟೆ. ಕೂಡಲೇ ಹೆದ್ದಾರಿಯಲ್ಲಿ ಯಾವುದೋ ಲಾರಿಯ ಹಾರನ್ ಕೇಳಿತು, ಕೊಕ್ಕರೆ ಹಾರಿತು, ದೋಣಿ ಅಲುಗಾಡಿತು.

ದಡಕ್ಕೆ ಬಂದ ಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಶೀನಣ್ಣ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಅದರ ಮೈಮೇಲೆ ಓಡಿಸಿದರು. ಬೆರಳು ಗೋಂದು ತುಂಬಿದಲ್ಲಿ ನಿಂತಿತು, ಮತ್ತೆ ಮುಂದೆ ಹೋಗಿ ನನ್ನ ಕಚ್ಚಿನಲ್ಲಿ ನಿಂತಿತು. "ಐವತ್ತ್ ವರ್ಷ ಹಿಡ್ದ ಹುಟ್ಟ್ ಮರಾಯ್ರೆ. ನೀವ್ ಎಣ್ಣಿ ಹಚ್ಚಿ ತಂದ್ ಕೊಟ್ಟ ಗಳ್ಗಿಯಗೇ ಗೊತ್ತಾಯ್ತ್."

"ಮತ್ತೆ ಹೇಳುಕಾಗದಾ?"

"ನಾ ಹೇಳುದ್ ಎಂತಕೆ? ಅಳ್ತಿ ಕಾಂಬುಕೆ ಮೀನೇ ಬತ್ತ್ ಅಂದೇಳಿ ಸುಮ್ನಿದ್ದೆ." ಇಷ್ಟು ಹೇಳಿ ಅವರು ಬೀಡಿ ಹಚ್ಚಿದರು. ತಮಾಷೆಗೆ ಹೇಳಿದರೋ ಎಂದು ಮುಖ ನೋಡಿದೆ. ತಮಾಷೆಯ ಮುಖವಾಗಿರಲಿಲ್ಲ.

ಫೋಟೋದಲ್ಲಿ ಮೀನು ಬಂದಿಲ್ಲ. ಕಲಕಿದ ನೀರು, ನನ್ನ ಹೆಬ್ಬೆರಳಿನ ಅಂಚು, ನಡುವೆ ಕೆಂಪಗೆ ಒಂದು ದುಂಡನೆಯ ಹೊಳಪು. ಹೊಡೆದ ಮೊಳೆ ಖಾಲಿ ಇರಬಾರದೆಂದು ಅದನ್ನೇ ಚೌಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಇದೆಂತ ಎಂದು ಗಿರಾಕಿಗಳು ಕೇಳುತ್ತಾರೆ. ನಾನು ಕಥೆ ಹೇಳಲು ಅಂಗೈಗಳನ್ನು ಎದುರುಬದುರು ನಿಲ್ಲಿಸುತ್ತೇನೆ. ಆಗ ಬೆನ್ನ ಹಿಂದಿನ ಗೋಡೆಯಿಂದ ಯಾರೋ ಅಳೆದು ನೋಡುತ್ತಿರುವಂತೆ ಭಾಸವಾಗಿ, ಅವು ಅಗಲವಾಗುವ ಬದಲು ಹತ್ತಿರ ಬರುತ್ತವೆ. ಎರಡು ಮೊಳಕ್ಕೆ ಚೂರು ಕಮ್ಮಿಯಿದ್ದ ಮೀನು ಮೊದಲ ತಿಂಗಳು ಒಂದೂವರೆ ಮೊಳವಾಯಿತು. ಕಳೆದ ವಾರ ಮೊಳಕ್ಕೆ ಇಳಿದಿದೆ. ಹೇಳಿದಷ್ಟೂ ಮೀನು ಸಣ್ಣದಾಗುವ ಗಾಳದವನು ಈ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು.

ನಿನ್ನೆ ಬೆಳಿಗ್ಗೆಯೇ ಊಟದ ಬುತ್ತಿ ತಂದ ಜಲಜ ಈ ಕಥೆಯನ್ನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ನನ್ನ ಕೈಗಳನ್ನೇ ನೋಡುತ್ತಿದ್ದಳು. ಗಿರಾಕಿ ಹೋದ ಮೇಲೆ ಬುತ್ತಿ ಮೇಜಿನ ಮೇಲಿಟ್ಟು ಹೇಳಿದಳು: "ಇನ್ನ್ ನಾಲ್ಕ್ ಸಲ ಹೇಳಿ. ಕೆಳ್ಗಿನ ಕಚ್ಚಿಗಿಂತ್ಲೂ ಸಣ್ಣ ಆತ್ತ್. ಆಗ್ಳೂ ಅದನ್ನ್ ನೀರಿಗ್ ಬಿಡ್ಕೇ."