ನಮ್ಮ ಮನೆಯ ಊಟಕ್ಕೆ ತಕ್ಕಡಿ ಬಂದದ್ದು

"ನನ್ನ ಮನೇಲಿ ಯಾರು, ಏನು, ಎಷ್ಟು ತಿಂದರು ಅಂತ ಗ್ರಾಂ ಲೆಕ್ಕದಲ್ಲಿ ಒಪ್ಪಿಸದಿದ್ರೆ ನನ್ನ ಹೆಸರು ನೆಟಾನಿಯೇ ಅಲ್ಲ!"

ನಮ್ಮ ದ್ವೀಪದೇಶದ ರಾಜಧಾನಿ ಸುವಾದ ಕಚೇರಿಯಲ್ಲಿ ಹೀಗೆ ಎದೆ ತಟ್ಟಿಕೊಂಡವನು ಬೇರಾರೂ ಅಲ್ಲ, ನಾನೇ. ತಟ್ಟಿದ ರಭಸಕ್ಕೆ ಜೇಬಿನ ಪೆನ್ನು ಒಡೆದು, ಅಂಗಿಯ ಮೇಲಿನ ಕೆಂಪು ದಾಸವಾಳಗಳೆಲ್ಲ ನೀಲಿಯಾದವು. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ!

ಸಂಗತಿ ಇಷ್ಟು. ದ್ವೀಪಗಳ ಜನ ದಿನಕ್ಕೆ ಏನೇನು ತಿನ್ನುತ್ತಾರೆ ಎಂದು ಅಳೆಯುವ ಸಮೀಕ್ಷೆಯೊಂದು ಶುರುವಾಗಲಿತ್ತು. ಬಾಯಿಮಾತಲ್ಲಿ ಕೇಳಿದರೆ ಜನ ಅರ್ಧ ಮರೆಯುತ್ತಾರೆ, ಇನ್ನರ್ಧ ಮುಚ್ಚಿಡುತ್ತಾರೆ. ಅದಕ್ಕೇ ನಮ್ಮ ಮೇಲಧಿಕಾರಿ ಲಾನಿಯಾನಾ ಮೇಡಂ ತಕ್ಕಡಿಯ ದಾರಿ ಹಿಡಿದರು. ಬಡಿಸಿದ ತಟ್ಟೆಯನ್ನು ತೂಗು, ಉಂಡೆದ್ದ ಮೇಲೆ ಅದೇ ತಟ್ಟೆಯನ್ನು ತೂಗು. ಅದರಲ್ಲಿ ಇದನ್ನು ಕಳೆ. ಬಂದದ್ದು ಹೊಟ್ಟೆಗೆ ಹೋದದ್ದು!

"ಮೊದಲು ನಿಮ್ಮ ನಿಮ್ಮ ಮನೇಲಿ ಒಂದು ದಿನ ಮಾಡಿ ತೋರಿಸಿ," ಎಂದರು ಮೇಡಂ. "ಸಂಜೆ ನಾನೇ ಬಂದು ನೋಡ್ತೀನಿ. ಚೊಕ್ಕವಾಗಿ ಮಾಡಿದವರು ಲಾವು ದ್ವೀಪಗಳಿಗೆ ಹೋಗೋ ತಂಡದ ಮುಖ್ಯಸ್ಥರು. ಕಚೇರಿಯವರೇ ಆಗ್ಬೇಕಂತಿಲ್ಲ, ಕೆಲಸ ತಿಳಿದವರು ಯಾರಾದರೂ ಸರಿ."

ಮುಖ್ಯಸ್ಥ! ಆಹಾ! ಇಷ್ಟು ವರ್ಷ ಉಗ್ರಾಣದಲ್ಲಿ ಕೂತು ಡಬ್ಬಗಳಿಗೆ ಚೀಟಿ ಅಂಟಿಸಿದವನು ನಾನು. ಕಚೇರಿಯಲ್ಲಿ ನನ್ನ ಮಾತು ಕೇಳುವುದು ಅಂಟಿನ ಬಾಟಲಿ ಒಂದೇ, ಅದೂ ಮನಸ್ಸು ಬಂದಾಗ. ದೋಣಿಯ ಮುಂದುಗಡೆ ನಿಂತು "ಹಾಂ, ಹೊರಡಿ!" ಎನ್ನಬೇಕೆಂಬ ಆಸೆ ನನಗೆ ಎಷ್ಟು ಕಾಲದ್ದೋ.

ಮರುದಿನ ಬೆಳಗ್ಗೆ ಅಡುಗೆಮನೆಯ ನಡುವೆ ತಕ್ಕಡಿಯ ಪ್ರತಿಷ್ಠಾಪನೆಯಾಯಿತು. ಐದು ಕಿಲೋ ತೂಗುವ, ಗುಂಡು ಮುಖದ, ಕೆಂಪು ಸೂಜಿಯ ತಕ್ಕಡಿ. ನನ್ನ ಹೆಂಡತಿ ಟಿಟಿಲಿಯಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ರೀ, ಮರಗೆಣಸು ಬೆಂದು ಆರಿಯೂ ಹೋಯ್ತು. ಮಕ್ಕಳಿಗೆ ಕೊಡ್ಲಾ?"

"ತಾಳು, ಸೂಜಿ ಇನ್ನೂ ಅಲ್ಲಾಡ್ತಿದೆ."

"ಮಕ್ಕಳೂ ಅಲ್ಲಾಡ್ತಿದಾವೆ, ಹಸಿವಿಗೆ!"

ನಾನು ಕೆಲಸವನ್ನು ನ್ಯಾಯವಾಗಿ ಹಂಚಿದ್ದೆ. ತಟ್ಟೆಗಳನ್ನು ತಕ್ಕಡಿಗೆ ಹೊತ್ತು ತರುವುದು, ತೂಗಿದ ಮೇಲೆ ಹೊತ್ತೊಯ್ಯುವುದು ಅವಳ ಪಾಲು. ಸೂಜಿಯನ್ನು ದಿಟ್ಟಿಸಿ "ಹೂಂ" ಎನ್ನುವುದು ನನ್ನ ಪಾಲು.

ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಬಾಗಿಲ ಮುಂದೆ ಅವಳ ತಮ್ಮ ವೈಸಾಕೆ ಹಾದುಹೋದ. ಊಟಕ್ಕೆ ಕೂತಾಗ ಬಾಗಿಲು ತೆರೆದಿರಬೇಕು, ದಾರಿಯಲ್ಲಿ ಹೋಗುವವರನ್ನು ಕರೆಯಬೇಕು. ನಮ್ಮೂರಲ್ಲಿ ಕೂಸು ಮೊದಲು ಕಲಿಯುವ ಮಾತೇ "ಬನ್ನಿ, ಉಣ್ಣಿ". ಟಿಟಿಲಿಯಾ ಅಭ್ಯಾಸಬಲದಿಂದ ಕೂಗಿಯೇ ಬಿಟ್ಟಳು. ಮಾನವಂತರು "ಆಯ್ತು, ನೀವು ಉಣ್ಣಿ" ಎಂದು ಮುಂದೆ ಹೋಗುತ್ತಾರೆ. ವೈಸಾಕೆ ಮಾನವಂತನಲ್ಲ, ನನ್ನ ಬಾಮೈದ! ಬಂದವನೇ ನನ್ನ ತಟ್ಟೆಗೇ ಕೈ ಹಾಕಿದ.

"ಏಯ್! ಅದು ತೂಗಿದ ಗೆಣಸು ಕಣೋ!"

"ಹೌದಾ ಭಾವ? ತೂಗಿದ್ರೆ ರುಚಿ ಹೆಚ್ಚಾಗುತ್ತೇನೋ ನೋಡೇ ಬಿಡೋಣ."

ನನ್ನ ಗೆಣಸಿನಲ್ಲಿ ಅರ್ಧ ಅವನು ತಿಂದ. ಮಿಕ್ಕದ್ದರಲ್ಲಿ ಒಂದು ತುಂಡನ್ನು ನನ್ನ ಮಗನ ಬಾಯಿಗಿಟ್ಟ. ನನ್ನ ಮಗಳು ತನ್ನದನ್ನು ಮಾವನಿಗೆ ಕೊಟ್ಟಳು. ಯಾರ ಹೊಟ್ಟೆಯಿಂದ ಯಾವುದನ್ನು ಕಳೆಯಲಿ, ಯಾವುದನ್ನು ಕೂಡಲಿ? ಬೆಳಗಿನ ಲೆಕ್ಕ ನಮ್ಮೂರ ರೇವಾ ನದಿಯ ಪಾಲಾಯಿತು!

ಮಧ್ಯಾಹ್ನದ ಊಟಕ್ಕೆ ಮುನ್ನ ನಾನೊಂದು ಐತಿಹಾಸಿಕ ನಿರ್ಧಾರ ತೆಗೆದುಕೊಂಡೆ. ಎದ್ದುಹೋಗಿ ಬಾಗಿಲು ಹಾಕಿದೆ. ಕಿಟಕಿಗಳನ್ನೂ ಹಾಕಿದೆ.

ಟಿಟಿಲಿಯಾ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಅಯ್ಯಯ್ಯೋ! ಹಾಡಹಗಲೇ ಬಾಗಿಲು ಹಾಕ್ಕೊಂಡು ಉಣ್ಣೋದಾ? ಊರವರು ಏನಂದಾರು!"

"ವಿಜ್ಞಾನ ಅಂದಾರು."

"ಯಾವ ಊರಲ್ಲೋ! ನಮ್ಮೂರಲ್ಲಿ ಇದಕ್ಕೆ ಬೇರೆ ಹೆಸರಿದೆ. ನಮ್ಮಪ್ಪ ಬದುಕಿದ್ದಿದ್ರೆ ನನ್ನನ್ನ ವಾಪಸ್ ಕರ್ಕೊಂಡು ಹೋಗ್ತಿದ್ದ."

ಒಳಗೆ ಹಬೆ, ಬೆವರು, ಹೊಗೆ. ಆದರೇನು! ಲೆಕ್ಕ ಮಾತ್ರ ಕನ್ನಡಿಯಂತೆ ಬಂತು. ನಾನೆಷ್ಟು, ಮಗನೆಷ್ಟು, ಮಗಳೆಷ್ಟು, ಒಂದು ಚೂರೂ ಅತ್ತಿತ್ತ ಇಲ್ಲ. ಆಗಲೇ ಲಾವು ದ್ವೀಪದ ಗಾಳಿ ನನ್ನ ಮುಖಕ್ಕೆ ಬಡಿದಂತಾಯಿತು.

ಇತ್ತ ನನ್ನ ಮನೆಯ ಎದುರು ಮನೆ ಉನೈಸಿ ಅಜ್ಜಿಯದು. ಮುಚ್ಚಿದ ಬಾಗಿಲನ್ನು ಕಂಡು ಅಜ್ಜಿಯ ಎದೆ ಧಸಕ್ಕೆಂದಿತಂತೆ. ನೆಟಾನಿ ಮನೇಲಿ ಬೇಯಿಸೋಕೆ ಏನೂ ಇಲ್ಲ, ಕೆಲಸ ಹೋಗಿದೆ, ನಾಚಿಕೆಗೆ ಬಾಗಿಲು ಹಾಕ್ಕೊಂಡು ನೀರು ಕುಡ್ಕೊಂಡು ಕೂತಿದಾವೆ! ಸಾಕ್ಷಿಗೆ ವೈಸಾಕೆ ಬೇರೆ ಇದ್ದನಲ್ಲ. "ಹೌದಜ್ಜಿ, ಬೆಳಗ್ಗೆ ಮಕ್ಕಳಿಗೆ ಒಂದೊಂದು ತುಂಡನ್ನೂ ತೂಗಿ ತೂಗಿ ಕೊಡ್ತಿದ್ದ. ನಾನೊಂದು ಚೂರು ಮುಟ್ಟಿದ್ದಕ್ಕೆ ಕಿರುಚಿಕೊಂಡ," ಎಂದನಂತೆ ಮಹಾನುಭಾವ. ಇನ್ನೇನು ಬೇಕು? ಊರಿಗೆ ಊರೇ ಒಲೆ ಹೊತ್ತಿಸಿತು!

ಇಳಿಹೊತ್ತಿಗೆ ಬಾಗಿಲು ತೆಗೆದು ನೋಡುತ್ತೇನೆ, ಮೆರವಣಿಗೆ! ಬುಟ್ಟಿ ಬುಟ್ಟಿ ಕೆಸುವಿನ ಗೆಡ್ಡೆ, ತೆಂಗಿನ ಹಾಲಲ್ಲಿ ಬೆಂದ ಕೆಸುವಿನೆಲೆ, ಹೊಳೆಯ ಚಿಪ್ಪುಮೀನು, ಸುಟ್ಟ ಮೀನು, ಮುಂದಾಳಾಗಿ ಉನೈಸಿ ಅಜ್ಜಿ. ಬಂದವಳೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು.

"ನಾವೆಲ್ಲ ಸತ್ತೋದ್ವೇನೋ ಕಂದಾ? ಒಂದು ಮಾತು ಹೇಳಬಾರದಿತ್ತಾ?"

"ಅಜ್ಜೀ, ನನ್ನ ಕೆಲಸ ಹೋಗಿಲ್ಲ!"

"ಹೂಂ ಮಗಾ, ನಮ್ಮೆಜಮಾನ್ರೂ ಹಾಗೇ ಹೇಳ್ತಿದ್ರು, ಆರು ತಿಂಗಳು."

ತಂದದ್ದನ್ನು ಬೇಡ ಎನ್ನುವಂತಿಲ್ಲ. ಮಂಡಿಯೂರಿ, ಅಂಗೈ ಬೋಗುಣಿ ಮಾಡಿ ಚಪ್ಪಾಳೆ ತಟ್ಟಿ ಸ್ವೀಕರಿಸಬೇಕು, ಅದು ನಮ್ಮ ಪದ್ಧತಿ. ತಟ್ಟಿದೆ. ತೂಗಿದೆ. ತಟ್ಟಿದೆ. ತೂಗಿದೆ. ನನ್ನ ಹಿಂದೆ ಟಿಟಿಲಿಯಾ ಬುಟ್ಟಿ ಹೊತ್ತು ಓಡಾಡಿದಳು. ಕೊನೆಗೆ ಯಾರೋ ಪುಣ್ಯಾತ್ಮ ಹಂದಿಯ ಒಂದು ತೊಡೆಯನ್ನೇ ತಂದು ದಬಕ್ಕೆಂದು ತಕ್ಕಡಿಯ ಮೇಲಿಟ್ಟ. ಸೂಜಿ ಗಿರ್ರನೆ ತಿರುಗಿ, ಒಳಗೇನೋ ಟಣ್ಣೆಂದು, ತಕ್ಕಡಿ ವೀರಮರಣವನ್ನಪ್ಪಿತು!

ಸರಿಯಾಗಿ ಆಗಲೇ ಲಾನಿಯಾನಾ ಮೇಡಂ ಬಂದರು. ಅವರನ್ನು ಚಾಪೆಯ ಮೇಲ್ಗಡೆಯ ಗೌರವದ ಜಾಗದಲ್ಲಿ ಕೂರಿಸಿ, ಮೊದಲ ತಟ್ಟೆ ಅವರ ಮುಂದಿಟ್ಟದ್ದೂ ಆಯಿತು.

"ನೆಟಾನಿ, ಮನೇಲಿ ಎಷ್ಟು ಜನ ನೀವು?"

"ನಾಲ್ಕೇ ಜನ ಮೇಡಂ."

"ಬಾಗಿಲಲ್ಲಿ ಚಪ್ಪಲಿ ನೋಡಿದ್ರೆ ಹಾಗನಿಸಲ್ಲ."

ಇನ್ನು ಮುಚ್ಚಿಡುವುದೇನು? ನಡೆದದ್ದನ್ನೆಲ್ಲ ಒದರಿದೆ. ಮುಖ್ಯಸ್ಥನ ಪಟ್ಟ ಕಣ್ಣೆದುರೇ ದೋಣಿ ಹತ್ತಿ ಹೋಗುತ್ತಿತ್ತು. ಕಡೆಯ ಪ್ರಯತ್ನವೆಂದು ಕೈಮುಗಿದೆ. "ಆದ್ರೆ ಮೇಡಂ, ಮಧ್ಯಾಹ್ನದ ಊಟ ಒಂದನ್ನ ನೋಡಿ! ಅದು ಅಪ್ಪಟ ಚಿನ್ನ. ಏನು ಬೇಕಾದ್ರೂ ಕೇಳಿ!"

"ನೀನೆಷ್ಟು ತಿಂದೆ?"

ಹೇಳಿದೆ. ಮಗನದ್ದು? ಹೇಳಿದೆ. ಮಗಳದ್ದು? ಅದನ್ನೂ ಹೇಳಿದೆ, ತಟ್ಟೆಯಲ್ಲಿ ಬಿಟ್ಟದ್ದೆಷ್ಟು ಎನ್ನುವುದರ ಸಮೇತ. ಮೇಡಂ ತಲೆದೂಗಿದರು. ನನಗೆ ಜೀವ ಬಂದಂತಾಯಿತು.

"ಟಿಟಿಲಿಯಾಳದ್ದು?"

ಲೆಕ್ಕದ ಹಾಳೆಯನ್ನು ತಿರುವಿ ಹಾಕಿದೆ. "ಅವಳು... ತಿಂದಿರ್ತಾಳೆ ಮೇಡಂ."

ಬೀಸಣಿಗೆ ಬೀಸುತ್ತಿದ್ದ ಉನೈಸಿ ಅಜ್ಜಿಯ ಕೈ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಟಿಟಿಲಿಯಾ ನಕ್ಕಳು.

"ಎಲ್ಲಿಂದ ಬರ್ಬೇಕು ಮೇಡಂ ನನ್ನ ಲೆಕ್ಕ? ಬೆಳಗಿನಿಂದ ಇವರ ತಟ್ಟೆಗಳನ್ನ ತಕ್ಕಡಿಗೆ ಹೊತ್ತಿದ್ದೇ ಆಯ್ತು. ಎಲ್ಲರದೂ ಮುಗಿದ ಮೇಲೆ ಪಾತ್ರೆ ಕೆರೆದು ನಿಂತ್ಕೊಂಡೇ ಬಾಯಿಗೆ ಹಾಕ್ಕೊಂಡೆ. ತಟ್ಟೆಯೇ ಇಲ್ಲದ ಮೇಲೆ ತೂಗೋದು ಏನನ್ನ?"

ನನಗೆ ನಿಜವಾಗಿ ನಾಚಿಕೆಯಾಯಿತು. ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ನಾನು ಗೆಣಸಿನ ಸಿಪ್ಪೆಯನ್ನೂ ಲೆಕ್ಕ ಹಾಕಿದ್ದೆ. ಅವಳನ್ನೇ ಬಿಟ್ಟಿದ್ದೆ!

"ನಮ್ಮನೇಲಿ ನಾನೂ ಹಾಗೇ ತಿನ್ನೋದು," ಎಂದರು ಮೇಡಂ ಮೆಲ್ಲಗೆ. "ಪ್ರತಿ ಮನೇಲೂ ನಮಗೆ ತಪ್ಪಿಹೋಗೋ ಲೆಕ್ಕ ಇದೇ ನೋಡು. ಟಿಟಿಲಿಯಾ, ತಂಡದ ಮುಖ್ಯಸ್ಥೆಯಾಗಿ ನೀನು ಬರ್ತೀಯಾ?"

"ಬರ್ತೀನಿ. ಇವರನ್ನೂ ಕರ್ಕೊಂಡು ಬರಬಹುದಾ ಮೇಡಂ? ತಟ್ಟೆ ಹೊರೋಕೆ ಒಬ್ಬರು ಬೇಕಲ್ಲ!"

ಊರು ಬಿದ್ದು ಬಿದ್ದು ನಕ್ಕಿತು. ವೈಸಾಕೆಯಂತೂ ಚಾಪೆಯ ಮೇಲೆ ಹೊರಳಾಡಿದ. ಮೇಡಂ ತಮ್ಮ ಚೀಲದಿಂದ ಹೊಸ ತಕ್ಕಡಿ ತೆಗೆದು ಟಿಟಿಲಿಯಾಳ ಕೈಗಿಟ್ಟರು.

ಮುಖ್ಯಸ್ಥೆಯ ಅಧಿಕಾರ ಅಂದೇ ಜಾರಿಗೆ ಬಂತು. ಅವಳು ಮೇಡಂ ಪಕ್ಕ ಕಾಲು ಚಾಚಿ ಕೂತು ಉಂಡಳು. ನಾನು ಊರಿಗೆಲ್ಲ ಬಡಿಸಿದೆ, ನೊಣ ಓಡಿಸಿದೆ, ತಟ್ಟೆ ಎತ್ತಿದೆ. ಉಂಡವರು ಮಿಕ್ಕದ್ದನ್ನು ಎಲೆಯಲ್ಲಿ ಕಟ್ಟಿಕೊಂಡು ಹೋದರು. ನನ್ನ ಸರದಿ ಬರುವ ಹೊತ್ತಿಗೆ ಪಾತ್ರೆಯಲ್ಲಿದ್ದದ್ದು ಸೀದುಹೋದ ಗೆಣಸಿನ ಎರಡು ಚೂರು, ಒಂದು ಮೀನಿನ ತಲೆ. ನಿಂತುಕೊಂಡೇ ಬಾಯಿಗೆ ಹಾಕಲು ಹೋದೆ.

"ನಿಲ್ಲಿ!" ಎಂದಳು ಮುಖ್ಯಸ್ಥೆ. ನನ್ನ ಕೈಯಿಂದ ಕಿತ್ತು ತಕ್ಕಡಿಯ ಮೇಲಿಟ್ಟಳು. ಸೂಜಿ ಒಂದಿಷ್ಟು ಅಲ್ಲಾಡಿ ನಿಂತಿತು, ಹೆಚ್ಚೇನೂ ಏರಲಿಲ್ಲ.

"ಬರ್ಕೊಳ್ಳಿ. ಮದುವೆಯಾದಾಗಿಂದ ಇದೇ ನನ್ನ ರಾತ್ರಿಯೂಟ."

ನಾನು ಬರೆಯತೊಡಗಿದೆ.

"ಸರಿಯಾಗಿ ಬರ್ಕೊಳ್ರೀ," ಎಂದಳು ಟಿಟಿಲಿಯಾ, "ಮೀನಿನ ಮುಳ್ಳಿನ ತೂಕ ಕಳೆದು!"