ಜಂಗಿನ ಮೇಲೆ ಬಳಿದ ಬಣ್ಣ

ತನ್ನ ವಸ್ತುವಿಗೆ ತಾನೇ ಬೆಲೆ ಕಟ್ಟುವ ಕೆಲಸಕ್ಕೆ ಮನುಷ್ಯ ಕೈಹಾಕಬಾರದು. ಪರರ ಎತ್ತು ಕುಂಟುವುದು ಎರಡು ಹೊಲ ಆಚೆಯಿಂದಲೇ ಕಾಣುತ್ತದೆ. ನಮ್ಮದು ಕುಂಟಿದರೆ ನಡಿಗೆಯಲ್ಲಿ ಏನೋ ಗತ್ತಿದೆ ಅನಿಸುತ್ತದೆ. ನಾನು ಐದನೇ ತರಗತಿಗೇ ಶಾಲೆ ಬಿಟ್ಟವನು. ಓದಿದವರ ನಡುವೆ ಕೂಡಬೇಕಾಗಿ ಬಂದರೆ ಎದೆಯನ್ನು ಒಂದಿಷ್ಟು ಜಾಸ್ತಿಯೇ ಸೆಟೆಸಿ ಕೂಡುವ ಚಟ ನನಗಿದೆ. ಆ ಎದೆಗೆ ಆಸರೆಯಾಗಿದ್ದದ್ದು ನನ್ನ ಲಾರಿ. ಕ್ಲೀನರ್ ಆಗಿ, ಡ್ರೈವರ್ ಆಗಿ, ಮೈ ಮುರಿದು ದುಡಿದು, ಕಡೆಗೆ ಮಾಲೀಕನಾಗಿ ಕೊಂಡ ಗಾಡಿ ಅದು. ಶಹಾಪುರದ ಭತ್ತ, ಕೊಂಕಲ್ಲಿನ ಹತ್ತಿ, ಯಾದಗಿರಿಯ ತೊಗರಿ ಎಲ್ಲವೂ ಅದರ ಬೆನ್ನೇರಿದ್ದವು. ಒಮ್ಮೆ ಗೋಗಿಯಿಂದ ಮದುವೆ ದಿಬ್ಬಣ ಹೊತ್ತು ಹೊರಟಾಗ ಬೀಗರ ಊರಿನ ಅಗಸಿ ಬಾಗಿಲ ಮುಂದೆ ನಿಂತುಬಿಟ್ಟಿತು. ಬಾಸಿಂಗ ಕಟ್ಟಿಕೊಂಡೇ ಮದುಮಗ ಇಳಿದು ದೂಕಿದ. ಆತ ಈಗಲೂ ಎದುರಾದರೆ, "ಅವತ್ತು ನಿಮ್ಮ ಗಾಡಿ ಬ್ಯಾಡ ಅಂತ ಹೇಳಿತ್ತು ರೀ, ನಾನೇ ಕೇಳಲಿಲ್ಲ" ಅನ್ನುತ್ತಾನೆ.

ಇಂಥ ಗಾಡಿಯನ್ನು ಮಾರುವ ಹಾಗೆ ಮಾಡಿದ್ದು ನನ್ನ ಎಡ ಮೊಣಕಾಲು. ಕ್ಲಚ್ ತುಳಿದಾಗಲೆಲ್ಲ ನನ್ನ ಬಾಯಿಂದ ಸತ್ತ ನನ್ನ ತಾಯಿಯ ಹೆಸರು ಬರತೊಡಗಿತು. "ಗಾಡಿ ಮಾರ್ರಿ, ಇಲ್ಲಂದ್ರ ಕಾಲು ಮಾರ್ರಿ. ಎರಡೂ ಇಟ್ಕೊಂಡು ನನ್ನ ಜೀವ ತಿನ್ನಬ್ಯಾಡ್ರಿ" ಎಂದಳು ಹೆಂಡತಿ ನೀಲಮ್ಮ. ಅಂಗಳದ ಬೇವಿನ ಮರದ ಕೆಳಗೆ ಲಾರಿ ಒಂದು ಮಳೆಗಾಲ ಸುಮ್ಮನೆ ನಿಂತಿತು. ಬಾಗಿಲಿಗೆ, ಹಿಂದಿನ ಹಲಗೆಯ ತಗಡಿಗೆ ಜಂಗು ಹತ್ತಿತು. ಮೇಲುಮೇಲಿನ ತುಕ್ಕು, ಉಜ್ಜಿದರೆ ಒಳಗಿನ ಕಬ್ಬಿಣ ಬೆಳ್ಳಗೆ ನಗುತ್ತಿತ್ತು.

ಸುರಪುರದಿಂದ ಮಲ್ಲಣ್ಣ ನೋಡಲು ಬಂದ. ಮೊದಲು ಎತ್ತಿನ ವ್ಯಾಪಾರಿ, ಈಗ ಹಳೆ ಲಾರಿಗಳ ವ್ಯಾಪಾರಿ. ಮಾಲು ಬದಲಾಗಿದೆ, ನೋಡುವ ಕಣ್ಣು ಬದಲಾಗಿಲ್ಲ. ಹಲ್ಲು ಎಣಿಸಲು ಎತ್ತಿನ ಬಾಯಿ ಬಿಡಿಸಿದಂತೆ ಬಾನೆಟ್ ಎತ್ತಿದ. ಅಡಿಯಲ್ಲಿ ನುಸುಳಿ ಹೊಟ್ಟೆ ತಟ್ಟಿದ. ಜಂಗನ್ನು ಉಗುರಿನಿಂದ ಕೆರೆದು ಮೂಸಿದ. ಆಮೇಲೆ ಹೆಗಲ ಟವೆಲ್ ತೆಗೆದು ನನ್ನ ಕೈಮೇಲೆ ಹಾಕಿ, ಅದರ ಕೆಳಗೆ ನನ್ನ ಬೆರಳು ಹಿಡಿದ. ಎತ್ತಿನ ಬಜಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಪಕ್ಕದವನಿಗೆ ಗೊತ್ತಾಗಬಾರದೆಂದು ಬಟ್ಟೆಯ ಕೆಳಗೆ ಬೆರಳು ಹಿಡಿದೇ ತಿಳಿಸುತ್ತಾರೆ. ನಮ್ಮ ಅಂಗಳದಲ್ಲಿ ಆಗ ಇದ್ದದ್ದು ನೀಲಮ್ಮ ಮತ್ತು ಅವಳ ಕೋಳಿಗಳು ಮಾತ್ರ. ಆದರೂ ಪದ್ಧತಿ ಪದ್ಧತಿಯೇ.

ನಾಲ್ಕು ಬೆರಳು ಹಿಡಿದ. ಬೆರಳಿಗೆ ಒಂದು ಲಕ್ಷ. ಹೆಬ್ಬೆರಳು ಹೊರಗೇ ಉಳಿಯಿತು. ನನ್ನ ಇಡೀ ಆಯುಷ್ಯವೇ ಆ ಹೆಬ್ಬೆರಳಲ್ಲಿ ಇದ್ದಂತೆ ನನಗೆ ಅವಮಾನವಾಯಿತು.

"ಜಂಗು ನೋಡಿ ಬೆಲಿ ಇಳಸ್ತಿ ಏನೋ ಮಲ್ಲಣ್ಣ?"

"ಜಂಗು ಮ್ಯಾಲಿಂದು ರೀ ಮಾಲಕರ. ಒಳಗ ಗಟ್ಟಿ ಅದ ಅಂತೇ ನಾಕು ಹಿಡದೀನಿ."

ಅವನ ಮಾತಿನಲ್ಲಿ ನನಗೆ ಕೇಳಿಸಿದ್ದು ಜಂಗು ಒಂದೇ. "ಮುಂದಿನ ವಾರ ಬಾ, ಗಾಡಿ ಅಂದ್ರ ಏನಂತ ತೋರಸ್ತೀನಿ" ಎಂದು ಕಳಿಸಿಬಿಟ್ಟೆ.

ಪೇಂಟರ್ ಬಂದ. ಬಾಗಿಲಿಗೆ ಕೆಂಪು, ಹಲಗೆಗೆ ನೀಲಿ, ಹಿಂದುಗಡೆ ಒಂದು ನವಿಲು. ಲಾರಿ ಮದುಮಗನಂತೆ ನಿಂತಾಗ ಪಕ್ಕದಲ್ಲಿ ನಿಲ್ಲುವ ನಾನು ಸಪ್ಪೆ ಕಾಣಬಾರದೆಂದು ಕ್ಷೌರದಂಗಡಿಗೆ ಹೋಗಿ ಮೀಸೆಗೂ ಕಪ್ಪು ಹಚ್ಚಿಸಿಕೊಂಡು ಬಂದೆ. ನೀಲಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇಬ್ಬರಾಗ ಯಾರನ್ನ ಮಾರಾಕತ್ತೀರಿ?" ಎಂದಳು.

ಮಲ್ಲಣ್ಣ ಮತ್ತೆ ಬಂದ. ಈ ಸಲ ಬಾನೆಟ್ ಎತ್ತಲಿಲ್ಲ. ದೂರದಲ್ಲೇ ನಿಂತು, "ಜಂಗು ಎಲ್ಲಿ ಹೋತು ರೀ?" ಎಂದ.

"ಹೋತು. ಈಗ ನೋಡು."

"ಈಗ ಏನು ನೋಡ್ಲಿ ರೀ? ಕಣ್ಣಿಗೆ ಕಂಡ್ರ ಜಂಗು ಎಲ್ಲಿ ತನಕ ಬಂದದ ಅಂತ ಗೊತ್ತಾಗತದ. ಬಣ್ಣದ ಕೆಳಗ ತೂತು ಅದನೋ, ತೇಪಿ ಅದನೋ, ಯಾರಿಗೆ ಗೊತ್ತು? ಬಜಾರದಾಗ ಮುದಿ ಎತ್ತಿಗೇ ರೀ ಕೋಡು ಹೆರೆದು ಬಣ್ಣ ಹಚ್ಚೋದು." ಹಾಗೆನ್ನುತ್ತ ಅವನ ಕಣ್ಣು ನನ್ನ ಮೀಸೆಯ ಮೇಲೆ ಸ್ವಲ್ಪ ಹೊತ್ತು ತಂಗಿತು. ಟವೆಲ್ ಹಾಕಿದ. ಮೂರೇ ಬೆರಳು.

ನನಗೆ ಸಿಟ್ಟು ನೆತ್ತಿಗೇರಿತು. ಸ್ಕ್ರೂಡ್ರೈವರ್ ತಂದು ಬಾಗಿಲನ್ನು ಪರಪರ ಕೆರೆಯತೊಡಗಿದೆ. "ನೋಡೋ! ಇಲ್ಲಿ ಗಟ್ಟಿ! ಇಲ್ಲೂ ಗಟ್ಟಿ!" ಹಿಂದೆ ಓಡಿ ನವಿಲಿನ ಕುತ್ತಿಗೆಯನ್ನೂ ಕೆರೆದೆ. ಚಹಾ ತಂದ ನೀಲಮ್ಮ, "ಮೊನ್ನಿ ರೊಕ್ಕ ಕೊಟ್ಟು ಬಳಿಸಿದ್ರಿ, ಇವತ್ತು ಪುಕ್ಕಟೆ ಕೆರಿಯಾಕತ್ತೀರಿ" ಎಂದಳು.

ಮಲ್ಲಣ್ಣ ಚಹಾ ಊದುತ್ತ, "ಬಿಡ್ರಿ ಮಾಲಕರ. ನೀವು ಕೆರೆದಲ್ಲಿ ಗಟ್ಟಿ ಇದ್ದೇ ಇರತದ. ಕೆರೀಲಾರದಲ್ಲೇ ನನಗ ಅಂಜಿಕಿ" ಎಂದ.

ಇಷ್ಟು ವರ್ಷ ಲೋಡು ಹೊತ್ತರೂ ನನ್ನ ಗಾಡಿಯಲ್ಲಿ ಒಂದು ಚೀಲ ಕಡಿಮೆ ಬಂತೆಂದು ಯಾರೂ ಅಂದಿರಲಿಲ್ಲ. ಈಗ ನನ್ನ ಕೈಯಾರೆ ನಾನೇ ಸುಳ್ಳನಾಗಿ ನಿಂತಿದ್ದೆ. ಆಮೇಲೆ ಬಂದ ಇನ್ನೊಂದಿಬ್ಬರೂ ಹೊಸ ಬಣ್ಣ ಕಂಡು ಬಾಗಿಲು ತಟ್ಟಿ, ಹ್ಞೂಂ ಎಂದು ಹೋದರು. ಕಡೆಗೆ ಮೂರು ಬೆರಳಿಗೇ ಮಲ್ಲಣ್ಣನಿಗೆ ಕೊಟ್ಟೆ. ಲಾರಿ ಓಣಿ ತಿರುಗುವಾಗ ಅವನು ಗೇರ್ ತಪ್ಪಿಸಿ ಹಾಕಿದ. ನನ್ನ ಎಡಗಾಲು ಕ್ಲಚ್ ತುಳಿದಂತೆ ಅಂಗಳದ ಮಣ್ಣನ್ನು ಒತ್ತಿತು. ಮೊಣಕಾಲು ನೋಯಲೇ ಇಲ್ಲ.

ಮೊನ್ನೆ ಭೀಮರಾಯನಗುಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪರಿಚಿತ ಹಾರ್ನ್ ಕೇಳಿತು. ಭತ್ತ ಹೇರಿಕೊಂಡು ನನ್ನ ಲಾರಿಯೇ ಬಂತು. ಮಲ್ಲಣ್ಣ ಬಣ್ಣವನ್ನೆಲ್ಲ ಉಜ್ಜಿ ತೆಗೆಸಿದ್ದ. ಬಾಗಿಲ ತುಂಬ ಮತ್ತೆ ಜಂಗು. ಕಿಟಕಿಯ ಅಂಚಿನಲ್ಲಿ, ಇಷ್ಟು ವರ್ಷ ನನ್ನ ಮೊಣಕೈ ಊರಿದ್ದ ಗೇಣುದ್ದ ಜಾಗ ಮಾತ್ರ ಹೊಳೆಯುತ್ತಿತ್ತು. ಈಗ ಅಲ್ಲಿ ಅವನ ಮೊಣಕೈ ಇತ್ತು.

"ಬಂಗಾರದಂಥ ಗಾಡಿ ರೀ ಮಾಲಕರ!" ಎಂದು ಕೂಗಿದ. "ಮೊದಲಿನಂಗ ಬಿಟ್ಟಿದ್ರ ನಾಕರ ಮ್ಯಾಲೆ ಅರ್ಧ ಬೆರಳು ಹಿಡಿಯಾಂವ ಇದ್ದೆ!"

ಅರ್ಧ ಬೆರಳನ್ನು ಟವೆಲ್ ಕೆಳಗೆ ಹೇಗೆ ಹಿಡಿಯುತ್ತಾರೆಂದು ಕೇಳುವಷ್ಟರಲ್ಲಿ ಲಾರಿ ಹೋಗಿಬಿಟ್ಟಿತ್ತು.

ಬಸ್ಸಿಳಿದವನು ನೇರವಾಗಿ ಕ್ಷೌರದಂಗಡಿಗೆ ಹೋಗಿ ಕೂತೆ. ಕ್ಷೌರದವನು ಹೋದ ಸಲದಂತೆ ಬಟ್ಟಲಲ್ಲಿ ಕಪ್ಪು ಕಲಸತೊಡಗಿದ. "ಬ್ಯಾಡ, ಮೀಸಿ ಹೆಂಗದನೋ ಹಂಗ ಇರ್ಲಿ" ಎಂದೆ. ಬ್ರಶ್ ಹಿಡಿದ ಕೈ ಅಲ್ಲೇ ನಿಂತಿತು. ಲಾರಿಯ ಬಣ್ಣದ ಕಥೆ ಬಲ್ಲ ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಕೇಳಿದ:

"ಯಾಕ್ರೀ, ಯಾರರ ಗಿರಾಕಿ ನೋಡಾಕ ಬರಾಕತ್ತಾರೇನು?"