ಡೆಲ್ಮರ್ ಕ್ರೌಸ್ ದಾಳಿಗೊಬ್ಬ ಕೋಚ್ ಹುಡುಕಿದ್ದು

ಮೊಟ್ಟೆ ತಿನ್ನುತ್ತಾ ಬಾಯಿಬಿಟ್ಟದ್ದೇ ಡೆಲ್ಮರ್ ಕ್ರೌಸ್ ಮಾಡಿದ ತಪ್ಪು.

"ನಮ್ಮ ಫುಟ್‌ಬಾಲ್ ತಂಡಕ್ಕೆ ದಾಳಿ ಕಲಿಸ್ತಿದ್ದ ಕೋಚ್ ಕೆಲಸ ಬಿಟ್ಟ ಪೆಗ್. ಬೆಳೆವಿಮೆ ಮಾರೋಕೆ ಹೋಗ್ತಾನಂತೆ. ಸಂಜೆ ಐದಕ್ಕೆ ಸ್ಕೂಲ್ ಮಂಡಳಿ ಮುಂದೆ ಇನ್ನೊಬ್ಬನ ಹೆಸರು ಹೇಳಬೇಕು."

ಕಾಫಿ ಬಗ್ಗಿಸುತ್ತಿದ್ದ ಪೆಗ್ ಹೂಜಿಯನ್ನು ಕೌಂಟರಿನ ಮೇಲಿಟ್ಟಳು. "ಹೇಳದಿದ್ರೆ?"

"ಮಂಡಳಿಯೇ ಆರಿಸುತ್ತಂತೆ. ದಾಳಿ ಕೋಚನ್ನೂ, ನನ್ನ ಜಾಗಕ್ಕೆ ಇನ್ನೊಬ್ಬನನ್ನೂ."

ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ ಪೆಗ್‌ಳ ಹೋಟೆಲಿನ ಮಾತು ಹಿಮದ ಗಾಳಿಗಿಂತ ಬೇಗ ಮನೆಮನೆ ಹೊಗುತ್ತಿತ್ತು. ಡೆಲ್ಮರ್ ಮೊಟ್ಟೆ ಮುಗಿಸಿ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಮೂವರು ಅವನ ಮೇಜಿಗೆ ಬಂದು ಮೂವರ ಹೆಸರು ಸೂಚಿಸಿ ಹೋಗಿದ್ದರು. ಆ ಹೆಸರಿನವರಲ್ಲಿ ಒಬ್ಬ ತೀರಿಕೊಂಡು ಎರಡು ವರ್ಷವಾಗಿತ್ತು.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲಿನ ಹೈಸ್ಕೂಲು ತಂಡಕ್ಕೆ ಮುಖ್ಯ ಕೋಚ್ ಆದ ಡೆಲ್ಮರನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ತಡೆಯುವುದು. ಅವನ ಹುಡುಗರನ್ನು ದಾಟಿ ಹೋಗುವುದೆಂದರೆ ಗೋಡೆಗೆ ಹಾಯ್ದಂತೆ. ಆದರೆ ಚೆಂಡು ತಮ್ಮ ಕೈಗೇ ಬಂದಾಗ ಮಾತ್ರ ಅವನಿಗೆ ಎದೆ ಡವಗುಟ್ಟುತ್ತಿತ್ತು. ಹಿಡಿದು ಓಡಿದರೆ ಬೀಳಿಸುತ್ತಾರೆ, ಎಸೆದರೆ ಎದುರಾಳಿ ಹಿಡಿಯುತ್ತಾನೆ. ಆದಷ್ಟು ಬೇಗ ದೂರಕ್ಕೆ ಒದ್ದು ಅವರಿಗೇ ಕೊಟ್ಟುಬಿಟ್ಟರೆ ನೆಮ್ಮದಿ. ಹೋದ ವರ್ಷ ಅವನ ತಂಡ ಆರು ಪಂದ್ಯಗಳನ್ನು ಮೂರು–ಸೊನ್ನೆಯಲ್ಲಿ, ಅಂದರೆ ಎದುರಾಳಿಯ ಒಂದೇ ಗೋಲು ಒದೆತಕ್ಕೆ, ಸೋತಿತ್ತು. ಜನ ಪಂದ್ಯಕ್ಕೆ ಕಂಬಳಿಯ ಜೊತೆಗೆ ದಿಂಬನ್ನೂ ತರತೊಡಗಿದ್ದರು.

ಹತ್ತಕ್ಕೆ ಹಲ್ಲಿನ ಡಾಕ್ಟರ್ ಫಿಚ್ ಬಳಿ ಹೋಗಬೇಕಿತ್ತು. ಅಲ್ಲಾದರೂ ಬಾಯಿ ತೆರೆದಿರುತ್ತೇನೆ, ಮಾತಾಡುವಂತಿಲ್ಲ ಎಂದುಕೊಂಡು ಕುರ್ಚಿಯಲ್ಲಿ ಕಾಲು ಚಾಚಿದ. ಡಾಕ್ಟರು ಸೂಜಿ ಚುಚ್ಚಿ, ದವಡೆಗೆ ಹತ್ತಿ ತುರುಕಿ, ಆಮೇಲೆ ಶುರು ಮಾಡಿದರು.

"ಕೋಚ್, ನಮ್ಮಕ್ಕನ ಮಗ ಟ್ರೆಂಟನ್ ಇದಾನಲ್ಲ, ಓಮಾಹಾದಲ್ಲಿ ಎರಡು ವರ್ಷ ದಾಳಿ ಕಲಿತು ಬಂದಿದಾನೆ. ಹುಡುಗ ಬೆಂಕಿ! ತಗೋತೀರಾ?"

"ಆಂ... ಊಂ ಊಂ!" ಎಂದ ಡೆಲ್ಮರ್. ಬೇಡ ಎಂದು ತಲೆಯಾಡಿಸೋಣವೆಂದರೆ ಬಾಯಲ್ಲಿ ಯಂತ್ರ ತಿರುಗುತ್ತಿತ್ತು.

"ಒಪ್ಪಿದ್ರಾ? ದೊಡ್ಡ ಮನಸ್ಸು ನಿಮ್ಮದು!" ಎಂದವರೇ ಡಾಕ್ಟರು ಎಡಗೈಯಲ್ಲಿ ಅಕ್ಕನಿಗೆ ಫೋನು ಮಾಡಿದರು.

ಮಧ್ಯಾಹ್ನ ಮರಗಟ್ಟಿದ ತುಟಿ ಹೊತ್ತು ಸ್ಕೂಲಿಗೆ ಬಂದರೆ, ಕೋಣೆಯಲ್ಲಿ ಟ್ರೆಂಟನ್ ಆಗಲೇ ಬಿಳಿಹಲಗೆಯ ತುಂಬ ಬಾಣ ಬರೆದಿಟ್ಟಿದ್ದ. ಯಾರೋ ಹಲಗೆಯ ಮೇಲೆ ಸೇಮಿಗೆ ಚೆಲ್ಲಿದಂತಿತ್ತು.

"ಇನ್ನೂರ ಹದಿನಾಲ್ಕು ಥರದ ಆಟ ಇದೆ ಕೋಚ್!"

"ಅದಗಲ್ಲಿ ಒದೆಯೋದು ಎಟ್ಟು?" ತುಟಿ ಮಾತು ಕೇಳುತ್ತಿರಲಿಲ್ಲ.

"ಒದೆಯೋದಾ? ಯಾಕೆ ಒದೀಬೇಕು? ಚೆಂಡು ನಮ್ಮದಲ್ವಾ?"

ಡೆಲ್ಮರನಿಗೆ ಕುರ್ಚಿ ಹುಡುಕಬೇಕಾಯಿತು. "ಯೋಚನೆ ಮಾಡಿ ಹೇಳ್ತೀನಪ್ಪಾ" ಎಂದು ತೊದಲಿ, ಹಿಂಬಾಗಿಲಿನಿಂದ ಹೊರಬಿದ್ದು, ಟ್ರಕ್ಕು ಹತ್ತಿದ. ಆಗಲೇ ಮೂರಾಗಿತ್ತು. ಓಡಿಸುತ್ತಾ ಅವನಿಗೆ ಓರಿನ್ ಹಾಗ್ಲಂಡ್ ನೆನಪಾದರು.

ಇದೇ ಸ್ಕೂಲಿಗೆ ಮೂವತ್ತೊಂದು ವರ್ಷ ಕೋಚ್ ಆಗಿದ್ದವರು. ಡೆಲ್ಮರ್ ಆಡಿದ್ದು, ಕಲಿತದ್ದು ಎಲ್ಲ ಅವರ ಕೈಕೆಳಗೆ. ಮೂರು ಸಲ ಚೆಂಡು ಹಿಡಿದು ಗುಂಪಿನ ಮಧ್ಯಕ್ಕೆ ನುಗ್ಗು, ನಾಲ್ಕನೆಯದಕ್ಕೆ ಒದೆ. ಅದಷ್ಟೇ ಅವರ ದಾಳಿ. ಆ ನೆನಪಿಗೇ ಡೆಲ್ಮರನ ಎದೆ ಹಗುರಾಯಿತು.

ಎಪ್ಪತ್ತಾರರ ಓರಿನ್ ಕೋಳಿಗೂಡಿನ ಕಸ ಬಳಿಯುತ್ತಿದ್ದರು. ಡೆಲ್ಮರನ ಮಾತು ಕೇಳಿ ಸಲಿಕೆಗೆ ಒರಗಿ ನಿಂತರು.

"ನನ್ನನ್ನಾ? ನಿಜವಾಗ್ಲೂ ನನ್ನನ್ನೇ ಕೇಳ್ತಿದೀಯಾ?"

"ನೀವೇ ಬರಬೇಕು ಕೋಚ್. ನಿಮ್ಮಷ್ಟು ನಂಬೋಕೆ ನಂಗೆ ಇನ್ಯಾರೂ ಇಲ್ಲ."

ಮುದುಕರು ಕೈಗವುಸಿನಿಂದ ಮೂಗು ಒರೆಸಿಕೊಂಡರು. "ಹನ್ನೊಂದು ವರ್ಷದಿಂದ ಒಬ್ಬನೂ ಈ ಅಂಗಳಕ್ಕೆ ಫುಟ್‌ಬಾಲ್ ವಿಷಯ ಎತ್ತಿಕೊಂಡು ಬಂದಿಲ್ಲ ಕಣೋ. ಬರ್ತೀನಿ. ಆದ್ರೆ ನನ್ನ ಕೆಲಸದಲ್ಲಿ ನೀನು ಕೈ ಹಾಕಬಾರದು."

"ದೇವರಾಣೆ ಹಾಕಲ್ಲ!" ಡೆಲ್ಮರ್ ನಗುತ್ತಲೇ ಹೇಳಿದ.

ಐದಕ್ಕೆ ಸ್ಕೂಲಿನ ಊಟದ ಹಾಲ್‌ನಲ್ಲಿ ಅರ್ಧ ಊರು ಸೇರಿತ್ತು. ಓರಿನ್ ಹೆಸರು ಕೇಳಿದ್ದೇ ಜನ ನಿಟ್ಟುಸಿರುಬಿಟ್ಟರು. ಹಿಂದಿನ ಸಾಲಿನಿಂದ ಪೆಗ್, "ಈ ಸಲ ಹಾಸಿಗೇನೇ ತರೋಣ" ಎಂದದ್ದು ಮುಂದಿನ ಸಾಲಿಗೂ ಕೇಳಿಸಿತು. ಮಂಡಳಿಯ ಅಧ್ಯಕ್ಷೆ ಶ್ರೀಮತಿ ಕೆಟ್ಲರ್ ಮುಖ ಗಂಟಿಕ್ಕಿಕೊಂಡೇ ಕಾಗದ ಮುಂದಿಟ್ಟರು. ದಾಳಿಯ ಪೂರ್ತಿ ಅಧಿಕಾರ ಓರಿನ್‌ಗೆ ಎಂದು ಅದರಲ್ಲಿತ್ತು. ಡೆಲ್ಮರ್ ಓದದೆಯೇ ಸಹಿ ಹಾಕಿದ. ದಿನವಿಡೀ ಸಿಗದ ಸಮಾಧಾನ ಅವನ ಮುಖದಲ್ಲಿತ್ತು.

ಓರಿನ್ ಎದ್ದು ನಿಂತು, ಕೋಟಿನ ಒಳಗಿಂದ ದಪ್ಪನೆಯ ಒಂದು ನೋಟ್‌ಬುಕ್ ತೆಗೆದರು.

"ಮೂವತ್ತೊಂದು ವರ್ಷ ಪ್ರತಿ ಶುಕ್ರವಾರದ ಪಂದ್ಯವನ್ನೂ ಹೆದರಿಕೊಂಡೇ ಆಡಿಸಿದೆ," ಎಂದರು. "ಎಸೆದಿದ್ರೆ ಗೆಲ್ತಿದ್ದ ಪಂದ್ಯ ಎಷ್ಟು ಅಂತ ಮನೇಲಿ ಕೂತು ಲೆಕ್ಕ ಹಾಕಿದೆ. ನಲವತ್ತೇಳು! ಆವತ್ತಿನಿಂದ ಇದರಲ್ಲಿ ಬರೀತಾ ಬಂದೆ. ಮುನ್ನೂರ ಎಂಬತ್ತು ಥರದ ಆಟ ಇದೆ. ಎಲ್ಲಾ ಎಸೆಯೋದೇ."

 ಎದ್ದ ಚಪ್ಪಾಳೆಗೆ ಕಿಟಕಿ ಗಾಜು ನಡುಗಿತು. ಡಾಕ್ಟರ್ ಫಿಚ್ ಶಿಳ್ಳೆ ಹೊಡೆದರು.

"ನಂಗೊಬ್ಬ ಸಹಾಯಕ ಬೇಕು," ಓರಿನ್ ದನಿ ಏರಿಸಿದರು. "ಇಲ್ಲಿ, ಪೆಗ್ ಹೇಳಿದ ಟ್ರೆಂಟನ್ ಅನ್ನೋನು ಯಾರು?"

ಡೆಲ್ಮರ್ ಎದ್ದ. ಬಾಯಿ ತೆರೆದ. ಸಹಿಯ ಶಾಯಿ ಇನ್ನೂ ಹಸಿಯಾಗಿತ್ತು. ಮತ್ತೆ ಕೂತ.

ಓರಿನ್ ಪಕ್ಕಕ್ಕೆ ಬಂದು ಅವನ ಹೆಗಲು ತಬ್ಬಿಕೊಂಡರು. "ಬಿಳಿಚಿಕೊಂಡಿದೀಯಲ್ಲೋ ಮಗನೇ," ಎಂದು ಕಿವಿಯಲ್ಲಿ ಹೇಳಿದರು. "ನನಗೂ ಎದೆ ಹೊಡ್ಕೋತಿದೆ. ಆದ್ರೆ ನಾವಿಬ್ರೂ ಹೆದರಿದ್ದು ಇಲ್ಲಿ ಯಾರಿಗೂ ಗೊತ್ತಾಗೋದು ಬೇಡ. ನಗು."

ಡೆಲ್ಮರ್ ನಕ್ಕ. ಮರುದಿನ ಪತ್ರಿಕೆಯಲ್ಲಿ ಬಂದ ಆ ಚಿತ್ರ ನೋಡಿ, ಅವನ ಹಲ್ಲು ಇನ್ನೂ ನೋಯುತ್ತಿದೆಯೆಂದೇ ಊರೆಲ್ಲ ಮರುಗಿತು.